ಮೂರನೆಯ ಪ್ರಕಟಣೆ ತಪ್ಪಿದ ವರ್ಷ

ಒಣಗಿದ ತೆಂಗಿನ ಗರಿ ಸುಟ್ಟ ವಾಸನೆ ಬಚ್ಚಲ ಒಲೆ ಹೊತ್ತಿಸಿದವರಿಗೆಲ್ಲ ಗೊತ್ತಿರುತ್ತದೆ. ಆದರೆ ವರ್ಷವಿಡೀ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟು, ಮೇಣದಬತ್ತಿಯ ಹೊಗೆ, ಒಗ್ಗರಣೆಯ ಘಾಟು, ಗೋಡೆಯ ಧೂಳು ಎಲ್ಲ ಕುಡಿದ ಗರಿಯನ್ನು ಸುಟ್ಟರೆ ಬರುವ ವಾಸನೆ ಬೇರೆ. ನಮ್ಮ ಕ್ರೈಸ್ತರಲ್ಲಿ ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಕೊಟ್ಟ ಗರಿಗಳನ್ನು ಮನೆಮನೆಯಿಂದ ವಾಪಸು ತಂದು ಸುಟ್ಟು, ಅದರ ಬೂದಿಯನ್ನೇ ಬೂದಿ ಬುಧವಾರದ ದಿನ ಹಣೆಗೆ ಹಚ್ಚುತ್ತಾರೆ. ಅಂದಿನಿಂದ ನಲವತ್ತು ದಿನ ತಪಸ್ಸುಕಾಲ. ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನೋಡಲೆಂದು ಹಳಿಯಾಳದಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ, ಚರ್ಚಿನ ಅಂಗಳದಲ್ಲಿ ನಾಲ್ಕು ಜನ ಹೆಂಗಸರು ಗರಿ ಸುಡುತ್ತಿದ್ದರು. ನನ್ನ ಕಾಲುಗಳು ಅಲ್ಲೇ ನಿಂತವು.

"ಏನಾತ್ರೀ ಅಮ್ಮಾರ, ತಲಿ ತಿರಗಾಕತ್ತೈತೇನು?" ಎಂದು ಒಬ್ಬಾಕೆ ಓಡಿ ಬಂದು ನೀರು ಕೊಟ್ಟಳು. ಬಿಸಿಲು ಎಂದೆ. ಇನ್ನೇನು ಹೇಳಲಿ? ನಲವತ್ತು ಚಿಲ್ಲರೆ ವರ್ಷದ ಹಿಂದೆ ಇಂಥದೇ ಗರಿಯನ್ನು ನಾನೂ ನತಾಲಿಯೂ ಸೇರಿ ಸುಟ್ಟಿದ್ದೆವು, ಆಮೇಲೆ ನಮಗೆ ನಲವತ್ತು ದಿನ ಸಿಕ್ಕವು, ಆ ದಿನಗಳು ಮುಗಿದ ಮೇಲೆ ಅವಳು ನನಗೆ ಸಿಗಲಿಲ್ಲ ಎಂದು ಗುರುತಿಲ್ಲದ ಹೆಂಗಸಿಗೆ ಹೇಳಲಾಗುತ್ತದೆಯೆ?

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕ್ಲಾರಾ, ದಾಂಡೇಲಿಯ ಅಂಬೇವಾಡಿಯಲ್ಲಿ ಬೆಳೆದವಳು. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೆಲಸಕ್ಕೆ ಸೇರಿದವರು. ಟಿ.ಸಿ.ಎಚ್. ಮುಗಿಸಿದ ನನಗೆ ಸರಕಾರಿ ಕೆಲಸ ಸಿಗುವವರೆಗೆ ಇರಲಿ ಎಂದು ಹಳಿಯಾಳದ ಆಚೆ ಕಾಡಿನೊಳಗಿನ ಒಂದು ಸಿದ್ದಿ ಊರಿನ ಮಿಷನ್ ಶಾಲೆಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿಯವರು ಇನ್ನೂ ಇದ್ದಾರೆ, ಮರ್ಯಾದೆಯಿಂದ ಬದುಕಿದ್ದಾರೆ. ಮೂವತ್ತು ಮನೆ, ಒಂದು ಚಿಕ್ಕ ಚರ್ಚು, ಅದರ ಪಕ್ಕದಲ್ಲಿ ಶಾಲೆ, ಶಾಲೆಯ ಹಿಂದೆ ನನಗೊಂದು ಎರಡು ಕೋಣೆಯ ಮನೆ, ಇಷ್ಟೇ ಊರು.

ನತಾಲಿ ಅದೇ ಊರಿನವಳು. ಕೊಂಕಣಿಯಲ್ಲಿ ಕ್ರಿಸ್ಮಸ್ ಎಂದರೆ ನತಾಲ್, ಆ ದಿನ ಹುಟ್ಟಿದ್ದಕ್ಕೆ ಆ ಹೆಸರು. ಶಾಲೆಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು, ಚರ್ಚಿನ ಕಸ ಗುಡಿಸಿ ಪೀಠಕ್ಕೆ ಹೂವಿಡುತ್ತಿದ್ದಳು, ಹಾಡಲು ನಿಂತರೆ ಉಳಿದವರು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವಳು, ಒಂದು ಗೇಣು ಎತ್ತರ. ಜೋರಾಗಿ ನಗುವವಳು, ಆದರೆ ದೇವರಿಗೆ ಬಹಳ ಹೆದರುವವಳು. ಅವಳ ತಾಯಿಯನ್ನು ಊರೆಲ್ಲ ಮಾಯ್ ಎಂದು ಕರೆಯುತ್ತಿತ್ತು. ನಾನು ಬಂದ ವಾರದಲ್ಲೇ ಮಾಯ್ ಮಗಳ ತಲೆಯ ಮೇಲೆ ಚಾಪೆ, ಕೌದಿ ಹೊರಿಸಿಕೊಂಡು ಬಂದು, "ಮದವಿ ಆಗದ ಹುಡುಗಿ ಒಬ್ಬಾಕಿನ ಹೆಂಗ ಇರ್ತೀರಿ ಟೀಚರಬಾಯಿ? ಇಕಿ ಜೋಡಿಗೆ ಇರ್ಲಿ" ಎಂದು ಬಿಟ್ಟುಹೋದಳು. ಹೀಗೆ ಅವಳನ್ನು ನನ್ನ ಮನೆಗೆ ತಂದು ಕೊಟ್ಟದ್ದು ಅವಳ ತಾಯಿಯೇ.

ಎರಡು ವರ್ಷ ಇದ್ದೆವು. ಹೇಗೆ ಶುರುವಾಯಿತು ಎಂದು ಕೇಳಿದರೆ ನನಗೆ ನೆನಪಿರುವುದು ಒಂದು ಮಧ್ಯಾಹ್ನ. ನನ್ನ ರವಿಕೆಯ ತೋಳಿನ ಅಳತೆ ತೆಗೆಯುತ್ತಿದ್ದ ಅವಳ ಬೆರಳು ನಿಂತಿತು, ಅಳತೆಯ ಟೇಪು ಕೆಳಗೆ ಬಿತ್ತು, ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ. ಅಂದು ಇಬ್ಬರಿಗೂ ಭಯವಾಗಿತ್ತು. ನನ್ನ ಭಯ ಒಂದು ವಾರದಲ್ಲಿ ಹೋಯಿತು, ಅವಳದು ಕೊನೆಯವರೆಗೂ ಹೋಗಲಿಲ್ಲ. ಊರಿಗೆ ಮಾತ್ರ ಏನೂ ಕಾಣಲಿಲ್ಲ. ಒಬ್ಬಳ ಜಡೆಯನ್ನು ಇನ್ನೊಬ್ಬಳು ಹೆಣೆದರೆ, ಒಂದೇ ತಾಟಿನಲ್ಲಿ ಉಂಡರೆ, "ಅಕ್ಕತಂಗಿ ಇದ್ದಂಗ ಅದಾರ" ಎಂದು ಹೊಗಳಿದರು. ಆ ಹೊಗಳಿಕೆ ಕೇಳಿ ನನಗೆ ಒಳಗೊಳಗೇ ನಗು, ಅವಳಿಗೆ ಕಣ್ಣೀರು.

ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಧರ್ಮೋಪದೇಶದ ಪುಸ್ತಕದಲ್ಲಿ ಎಲ್ಲ ಪಾಪಕ್ಕೂ ಹೆಸರಿತ್ತು. ಗಂಡು ಹೆಣ್ಣು ಮಾಡಬಹುದಾದ ಪಾಪಗಳನ್ನಂತೂ ಬರೆದವರು ಒಂದನ್ನೂ ಬಿಟ್ಟಿರಲಿಲ್ಲ. ನಮ್ಮದು ಮಾತ್ರ ಇರಲಿಲ್ಲ. ಹೆಸರೇ ಇಲ್ಲದ್ದು ಪಾಪ ಹೇಗಾದೀತು ಎಂದು ನಾನು ವಾದಿಸುತ್ತಿದ್ದೆ. ಟೀಚರ್ ಅಲ್ಲವೆ, ವಾದ ಮಾಡುವ ಚಟ.

"ಹೆಸರ ಇಡಾಕೂ ನಾಚಿಕಿ ಬರೂವಂಥಾದ್ದು, ಅದಕ್ಕ ಇಟ್ಟಿಲ್ಲ" ಎನ್ನುತ್ತಿದ್ದಳು ಅವಳು.

"ನನ್ನ ಮ್ಯಾಲಿನ ಪ್ರೀತಿ ನಿನಗ ನಾಚಿಕಿ ಅನಸ್ತೈತೇನು?"

"ಇಲ್ಲ. ಅನಸೂದಿಲ್ಲ ಅನ್ನೂದ ನನಗ ಹೆದರಿಕಿ."

ಪ್ರತಿ ಶನಿವಾರ ಪಾಪನಿವೇದನೆಗೆ ಹೋಗಿ ಫಾದರ್ ಕಿವಿಯಲ್ಲಿ ಸಿಟ್ಟು ಮಾಡಿದ್ದು, ಸುಳ್ಳು ಹೇಳಿದ್ದು, ಜಪಸರ ತಪ್ಪಿಸಿದ್ದು ಎಲ್ಲ ಹೇಳಿ, ಇದೊಂದನ್ನು ನುಂಗಿಕೊಂಡು ಬರುತ್ತಿದ್ದಳು. ಭಾನುವಾರ ಪೂಜೆಯಲ್ಲಿ, ಯೇಸುವಿನ ಶರೀರವೆಂದು ನಾವು ನಂಬುವ ರೊಟ್ಟಿಯ ತುಣುಕನ್ನು, ಪರಮಪ್ರಸಾದವನ್ನು, ಸ್ವೀಕರಿಸಿ ಬಂದು ಮುಖ ಮುಚ್ಚಿಕೊಂಡು ಮೊಣಕಾಲೂರುತ್ತಿದ್ದಳು. ಪಾಪಕ್ಕೆ ಕ್ಷಮೆ ಪಡೆಯದೆ ಅದನ್ನು ಸ್ವೀಕರಿಸಬಾರದು ಎಂಬುದು ನಮ್ಮಲ್ಲಿ ನಿಯಮ. "ಮುಚ್ಚಿಟ್ಕೊಂಡ ತಗೋತೇನಲ್ಲ ಕ್ಲಾರಾ, ನಾಲಿಗಿ ಮ್ಯಾಲ ಇಟ್ಟ ಕೂಡ್ಲೆ ಸುಡತೈತಿ" ಎಂದು ಒಮ್ಮೆ ಹೇಳಿದಳು. ಬಿಟ್ಟುಬಿಡು ಎಂದರೆ ಅದೂ ಆಗದು. ಆ ಬಿಳಿಯ ತುಣುಕಿಲ್ಲದೆ ಅವಳ ವಾರ ಮುಂದೆ ಹೋಗುತ್ತಿರಲಿಲ್ಲ. ಯೇಸುಸ್ವಾಮಿ ಅವಳಿಗೆ ಪಕ್ಕದ ಮನೆಯವನಷ್ಟು ನಿಜವಾಗಿದ್ದ.

ಎರಡನೆಯ ವರ್ಷದ ಕ್ರಿಸ್ಮಸ್ ಕಳೆದು ಸ್ವಲ್ಪ ದಿನಕ್ಕೆ ಮಾಯ್ ಗಂಡು ಗೊತ್ತು ಮಾಡಿದಳು. ಗೋವಾ ಗಡಿಯ ಕಡೆಯ ರಾಮನಗರದ ಇನಾಸ್, ಕಟ್ಟಿಗೆ ಲಾರಿಯ ಡ್ರೈವರ್. ಹೆಂಡ ಮುಟ್ಟದವನು, ಮೆತ್ತಗೆ ಮಾತಾಡುವವನು. ಅವನಲ್ಲಿ ಏನಾದರೂ ಐಬು ಸಿಕ್ಕೀತೆಂದು ನಾನು ಹುಡುಕಿದ್ದೇ ಹುಡುಕಿದ್ದು, ಒಂದೂ ಸಿಗಲಿಲ್ಲ. ನತಾಲಿ ಎರಡು ದಿನ ಅತ್ತಳು, ಬೇಡ ಎನ್ನಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಅವಳ ಬಳಿ ಹೇಳಬಹುದಾದ ಉತ್ತರವಿರಲಿಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯಲ್ಲಿ ಗಂಡು ಹೆಣ್ಣಿನ ಹೆಸರನ್ನು ಓದಬೇಕು. ಅದಕ್ಕೆ ಮದುವೆ ಪ್ರಕಟಣೆ ಎನ್ನುತ್ತೇವೆ. ಓದಬೇಕಾದವರು ಫಾದರ್ ಲಿನೊ. ಗೋವಾದಿಂದ ಹೊಸದಾಗಿ ಬಂದ ಅವರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಶನಿವಾರ ಮಧ್ಯಾಹ್ನ ಅವರ ಜಗಲಿಯಲ್ಲಿ ಕೂತು, ಮರುದಿನ ಹೇಳಬೇಕಾದ್ದನ್ನೆಲ್ಲ ಕನ್ನಡದ ಮಾತಿನಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ನಾನು ಬರೆದದ್ದನ್ನು ಅವರು ಬೆರಳಿಟ್ಟು ಓದುತ್ತಿದ್ದರು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಹೀಗಾಗಿ ನತಾಲಿಯ ಮದುವೆಯ ಪ್ರಕಟಣೆಯನ್ನು ಬರೆದವಳು ನಾನು. ಇಂಥವರ ಮಗ ಇನಾಸ್, ಇಂಥವರ ಮಗಳು ನತಾಲಿ, ಪವಿತ್ರ ವಿವಾಹಕ್ಕೆ ಇಚ್ಛಿಸಿದ್ದಾರೆ. ಇದಕ್ಕೆ ಅಡ್ಡಿಯಾಗುವ ಸಂಗತಿ ಯಾರಿಗಾದರೂ ತಿಳಿದಿದ್ದರೆ ಗುರುಗಳಿಗೆ ತಿಳಿಸಬೇಕು, ತಿಳಿದೂ ಮುಚ್ಚಿಟ್ಟವರಿಗೆ ಪಾಪ. ಮೊದಲ ಭಾನುವಾರ ಫಾದರ್ ಇದನ್ನು ಓದಿದಾಗ ನತಾಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಇಡೀ ಚರ್ಚಿನಲ್ಲಿ ಆ ಅಡ್ಡಿ ತಿಳಿದಿದ್ದವರು ಇಬ್ಬರೇ, ಇಬ್ಬರೂ ಒಂದೇ ಬೆಂಚಿನಲ್ಲಿದ್ದೆವು. ಎರಡನೆಯ ಭಾನುವಾರವೂ ಓದಿದರು.

ಮೂರನೆಯ ಶನಿವಾರ ಆ ಕೊನೆಯ ಸಾಲು ನನ್ನಿಂದ ಬರೆಯಲಾಗಲಿಲ್ಲ. ಯೋಚಿಸಿ ಹೂಡಿದ ಆಟವೇನೂ ಅಲ್ಲ. ಹೆಸರುಗಳನ್ನು ಬರೆದೆ, ಊರು ಬರೆದೆ, ಪೆನ್ನು ಅಲ್ಲಿಗೆ ನಿಂತಿತು. ಕಾಗದ ಮಡಚಿ ಕೊಟ್ಟುಬಿಟ್ಟೆ. ಮರುದಿನ ಫಾದರ್ ಇದ್ದಷ್ಟನ್ನು ಓದಿ, ಮುಗಿಸಿ, ಕೂತರು.

ಪೆದ್ರು ಮಾಸ್ತರರು ಕೂರಲಿಲ್ಲ. ಅವರು ಊರಿನ ಉಪದೇಶಿ. ಫಾದರ್‌ಗಳು ಬಂದು ಹೋದರೂ ಐವತ್ತು ವರ್ಷದಿಂದ ಮಕ್ಕಳಿಗೆ ಧರ್ಮ ಕಲಿಸಿಕೊಂಡು ಅಲ್ಲೇ ಇದ್ದ ಮುದುಕ. ಪೂಜೆ ಮುಗಿದದ್ದೇ ಎಲ್ಲರ ಮುಂದೆ ಎದ್ದು ನಿಂತು, "ಫಾದರ್, ಮೂರನೇದು ಆಗಿಲ್ರಿ" ಎಂದರು.

"ಯಾಕೆ? ಓದಿದೆನಲ್ಲ."

"ಹೆಸರ ಓದಿದ್ರಿ. ಅಡ್ಡಿ ಐತೇನು ಅಂತ ಕೇಳಲಿಲ್ಲ. ಕೇಳದ ಮ್ಯಾಲ ಅದು ಹೆಂಗ ಪ್ರಕಟಣೆ ಆಗತೈತ್ರಿ? ನಾಳೆ ಯಾರರ ಬಂದು ನನಗ ಕೇಳಿಲ್ಲಾ ಅಂದ್ರ?"

ಫಾದರ್ ಕಾಗದ ನೋಡಿದರು. ಸಾಲು ಇರಲಿಲ್ಲ. ಮದುವೆ ಇದ್ದದ್ದು ಮರುದಿನ ಸೋಮವಾರ. ಬುಧವಾರ ತಪಸ್ಸುಕಾಲ ಶುರು, ಆ ನಲವತ್ತು ದಿನ ನಮ್ಮಲ್ಲಿ ಮದುವೆ ಇಲ್ಲ. ಬೇರೆ ಫಾದರ್ ಆಗಿದ್ದರೆ ಹೋಗಲಿ ಬಿಡಿ ಎನ್ನುತ್ತಿದ್ದರೋ ಏನೋ. ಇವರು ಹೊಸಬರು, ನಿಯಮಕ್ಕೆ ಹೆದರುವವರು, ಎದುರಿಗೆ ಪೆದ್ರು ಮಾಸ್ತರರು. ಮುಂದಿನ ಭಾನುವಾರ ಮತ್ತೆ ಓದುವುದು, ಮದುವೆ ತಪಸ್ಸುಕಾಲ ಮುಗಿದು ಬರುವ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಮರುದಿನ ಎಂದು ತೀರ್ಮಾನವಾಯಿತು. ಮಾಯ್ ಎದೆ ಎದೆ ಬಡಿದುಕೊಂಡಳು, ಚಪ್ಪರ ಹಾಕಿಸಿ ಆಗಿತ್ತು. ಉಳಿದವರಿಗೆ ನಾನು ತಮಾಷೆಯಾದೆ. "ಟೀಚರ್ರ ಹಿಂಗ ಬರದ್ರ ಹುಡುಗುರಿಗೆ ಏನ ಕಲಸ್ತಾರ!" ಎಂದು ನಕ್ಕರು. ಮುಂದಿನ ವಾರ ಆ ಪ್ರಕಟಣೆಯನ್ನು ಪೆದ್ರು ಮಾಸ್ತರರು ಕಾಗದವಿಲ್ಲದೆ ತಾವೇ ಹೇಳಿದರು.

ನತಾಲಿ ನಗಲಿಲ್ಲ. ಮನೆಗೆ ಬಂದವಳೇ ಬಾಗಿಲು ಹಾಕಿದಳು. "ಬೇಕಂತ ಬಿಟ್ಟೀಯಲ್ಲ?"

"ಕೈ ಬರಲಿಲ್ಲ."

"ಪೀಠದ ಮುಂದ ಓದೂ ಕಾಗದದಾಗ ಆಟಾ ಆಡೀದಿ. ದೇವರ ಜೋಡಿ ಆಟಾ ಆಡೀದಿ" ಎಂದು ಬೈದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮಂಗಳವಾರ ನಾವಿಬ್ಬರೂ ಮನೆಮನೆಯಿಂದ ಹಳೆಯ ಗರಿಗಳನ್ನು ಬುಟ್ಟಿಯಲ್ಲಿ ತಂದು ಚರ್ಚಿನ ಹಿಂದೆ ಸುಟ್ಟೆವು. ಅದು ಪ್ರತಿವರ್ಷ ಅವಳ ಕೆಲಸ. ಗರಿ ಚಟಚಟ ಎನ್ನುತ್ತಿತ್ತು, ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಅವಳು ಕೋಲಿನಿಂದ ಬೂದಿ ಕೆದಕುತ್ತ, ನನ್ನ ಕಡೆ ನೋಡದೆಯೇ, "ನಲವತ್ತ ದಿನಾ ಸಿಕ್ಕಾವ" ಎಂದಳು. ಆಮೇಲೆ ತಡೆಯಲಾರದೆ ಅವಳ ಆ ಜೋರು ನಗು ನಕ್ಕಳು. ಕೆಮ್ಮುತ್ತ ಕೆಮ್ಮುತ್ತ ನಕ್ಕಳು. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ನಾನು ಮತ್ತೆ ಪಟ್ಟಿಲ್ಲ.

ಉಳಿದವರಿಗೆ ಅದು ಉಪವಾಸದ ಕಾಲ. ಮೀನಿಲ್ಲ, ಮಾಂಸವಿಲ್ಲ, ಹಾಡಿನಲ್ಲಿ ಅಲ್ಲೆಲೂಯ ಎಂಬ ಜಯಘೋಷವೂ ಇಲ್ಲ. ನಮಗದು ಹಬ್ಬವಾಗಿತ್ತು. ಕಾಡಿನಲ್ಲಿ ಮುತ್ತುಗದ ಹೂ ಕೆಂಪಗೆ ಕಾದಿತ್ತು, ಗೇರು ಮರದ ಕೆಳಗೆ ನಡೆದರೆ ಹಣ್ಣಿನ ಹುಳಿ ವಾಸನೆ. ಶುಕ್ರವಾರಗಳಂದು ಊರಿನಿಂದ ಪಕ್ಕದ ಹಾಡಿಯವರೆಗೆ ಶಿಲುಬೆ ಹೊತ್ತು ಪ್ರಾರ್ಥಿಸುತ್ತ ನಡೆಯುವ ಪದ್ಧತಿ. ನತಾಲಿ ಮುಂದೆ ಹಾಡುತ್ತ ಹೋಗುವಳು, ನಾನು ಮಕ್ಕಳ ಸಾಲು ಹಿಡಿದು ಹಿಂದೆ. ಅವಳ ಬೆನ್ನನ್ನು ನೋಡುತ್ತ ನಡೆದೇ ನಾನು ಆ ವರ್ಷ ಪ್ರಾರ್ಥಿಸಿದ್ದು. ತಮಾಷೆಗೆ ಹೇಳುತ್ತಿಲ್ಲ. ಇಂಥವಳನ್ನು ಕೊಟ್ಟೆಯಲ್ಲ ಎಂದು ದೇವರಿಗೆ ಉಪಕಾರ ಹೇಳಿದ್ದೆ. ನನ್ನ ಮಟ್ಟಿಗೆ ಅದು ನಿಜವಾದ ಭಕ್ತಿ.

ಮಧ್ಯಾಹ್ನಗಳಲ್ಲಿ ಮಾಯ್ ಮನೆಯ ಅಂಗಳದಲ್ಲಿ ಮದುವೆಯ ಕೌದಿ ಹೊಲಿಯುವ ಕೆಲಸ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತ, ಸುತ್ತು ಹೊಡೆಯುತ್ತ ನಡುಮಧ್ಯಕ್ಕೆ ಬಂದು ಮುಗಿಸುತ್ತಾರೆ. ನಾನೂ ಒಂದು ಮೂಲೆಗೆ ಸೂಜಿ ಹಿಡಿದು ಕೂತೆ. ನನ್ನ ಒಂದು ನೀಲಿ ಸೀರೆಯನ್ನು ಹರಿದು ತುಂಡಿಗೆ ಕೊಟ್ಟೆ. "ಚಲೋ ಸೀರಿ ಹರಿದ್ರಲ್ಲ ಟೀಚರಬಾಯಿ" ಎಂದು ಮಾಯ್ ಗದರಿದಳು. ಇನಾಸ್ ಹೊದೆಯುವ ಕೌದಿಯಲ್ಲಿ ನನ್ನ ಸೀರೆಯೂ ಇರಲಿ ಎಂಬ ಹೊಟ್ಟೆಕಿಚ್ಚು ಅದು. ಮಾಯ್‌ಗೆ ಹೇಗೆ ತಿಳಿಯಬೇಕು?

ತಪಸ್ಸುಕಾಲ ಅರ್ಧ ಕಳೆದಾಗ ನನಗೆ ಸರಕಾರಿ ಕೆಲಸದ ಕಾಗದ ಬಂತು. ಮುಂಡಗೋಡದ ಪ್ರಾಥಮಿಕ ಶಾಲೆ, ಜೂನ್‌ಗೆ ಹಾಜರಾಗಬೇಕು. ಕಾಗದ ಓದಿದ ಕ್ಷಣವೇ ನನ್ನ ತಲೆಯಲ್ಲಿ ಒಂದು ಮನೆ ಎದ್ದು ನಿಂತಿತು. ಮುಂಡಗೋಡದಲ್ಲಿ ನಮ್ಮನ್ನು ಬಲ್ಲವರಿಲ್ಲ. ಟೀಚರ್ ಒಬ್ಬಳು, ಅವಳ ಜೊತೆಗೆ ಹೊಲಿಗೆಯ ಅಂಗಡಿ ಇಟ್ಟುಕೊಂಡ ತಂಗಿಯೊಬ್ಬಳು. ಯಾರು ಏನು ಕೇಳುತ್ತಾರೆ? ಎರಡು ವರ್ಷ ಈ ಊರಿಗೆ ಕಾಣದ್ದು ಆ ಊರಿಗೆ ಕಾಣುತ್ತದೆಯೆ? ಗೇರು ಮರದ ಕೆಳಗೆ ಕೂರಿಸಿ ಅವಳಿಗೆ ಇದನ್ನೆಲ್ಲ ಹೇಳಿದೆ. ಮದುವೆ ಬೇಡ ಎಂದುಬಿಡು, ಕಾರಣ ಕೇಳಿದರೆ ಮನಸ್ಸಿಲ್ಲ ಎನ್ನು, ಬೈಯುತ್ತಾರೆ, ಬೈಸಿಕೊ, ನನ್ನ ಜೊತೆ ಬಾ.

ಅವಳು ಗೇರುಹಣ್ಣಿನ ಬೀಜ ತಿರುವಿ ತೆಗೆದು ಸೆರಗಿಗೆ ಹಾಕಿಕೊಂಡಳು. "ಮಷಿನ್ ಇಡಾಕ ಕಿಟಕಿ ಬೇಕಾಗತೈತಿ. ಬೆಳಕ ಬೀಳೂವಂಥಾ ಕಿಟಕಿ" ಎಂದಳು. ಆಗ ನನಗೆ ತಿಳಿಯಿತು, ಬರುತ್ತಾಳೆ ಎಂದು. ನಾನು ಅಲ್ಲೇ ಅತ್ತುಬಿಟ್ಟೆ.

"ಬರ್ತೇನಿ. ಆದ್ರ ಕದ್ದು ಹೋಗೂದ ಬ್ಯಾಡ" ಎಂದಳು. "ಮಾಯ್‌ಗೆ ಹೇಳದಿದ್ರೂ ನಡೀತೈತಿ. ದೇವರಿಗೆ ಹೇಳಿ ಹೋಗೂಣು."

"ದೇವರಿಗೆ ಗೊತ್ತಿಲ್ಲೇನು?"

"ಗೊತ್ತೈತಿ. ನಾ ಹೇಳಿಲ್ಲಲ್ಲ. ಎರಡ ವರ್ಷ ಮುಚ್ಚಿಟ್ಟೇನಿ. ಪಾಸ್ಕಕ್ಕ ಮುಂಚೆ ಪಾಪನಿವೇದನೆಗೆ ಹೋಗಿ ಎಲ್ಲಾ ಹೇಳ್ತೇನಿ. ಹಿಂಗ ಹಿಂಗ ಐತಿ, ನಾವಿಬ್ಬರೂ ಹೋಗಾಕ ಹೊಂಟೇವಿ, ಆಶೀರ್ವಾದ ಮಾಡ್ರಿ ಅಂತೇನಿ. ಇಷ್ಟ ಪ್ರೀತಿ ಐತಿ ಅಂತ ಕೇಳಿದ ಮ್ಯಾಲ ಯಾರ ಬ್ಯಾಡ ಅಂತಾರ?"

ಇಂಥ ತಪ್ಪನ್ನು ಅವಳಂಥವಳು ಮಾತ್ರ ಮಾಡಬಲ್ಲಳು. ಬೇರೆ ಯಾರಾದರೂ ಚೀಲ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದರು. ಅವಳಿಗೆ ಅಪ್ಪಣೆ ಬೇಕಾಗಿತ್ತು. ಬೇಡ, ಹೇಳಬೇಡ, ಮೊದಲು ಹೋಗೋಣ, ಆಮೇಲೆ ಬೇಕಾದರೆ ಹೇಳು ಎಂದು ನಾನು ಎಷ್ಟು ಕೇಳಿಕೊಂಡೆನೋ. ಅವಳು ನನ್ನ ಕೆನ್ನೆ ಹಿಡಿದು, "ನನಗ ನೀನೂ ಬೇಕು, ಪರಮಪ್ರಸಾದಾನೂ ಬೇಕು. ಎರಡೂ ಕೊಟ್ಟಾಂವ ಅವನ ಅಲ್ಲೇನು?" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಇವತ್ತಿಗೂ ಸರಿಯೆಂದೇ ನನಗನ್ನಿಸುತ್ತದೆ.

ಪಾಸ್ಕಕ್ಕೆ ಮುಂಚಿನ ಪವಿತ್ರ ವಾರದ ಬುಧವಾರ ಮಧ್ಯಾಹ್ನ ಊರೆಲ್ಲ ಪಾಪನಿವೇದನೆಗೆ ಸಾಲು ನಿಂತಿತ್ತು. ಹೊರಗೆ ಬೆಂಕಿಯಂಥ ಬಿಸಿಲು. ನತಾಲಿ ನನ್ನ ಮುಂದೆ. ಅವಳು ಒಳಗೆ ಹೋದವಳು ಬರಲೇ ಇಲ್ಲ. ಹಿಂದಿನವರು ಗೊಣಗತೊಡಗಿದರು. "ಇಕಿ ಏನ ಖೂನಿ ಮಾಡ್ಯಾಳ ಏನ?" ಎಂದು ಯಾರೋ ಅಂದರು. ಕೊನೆಗೆ ಪರದೆ ಸರಿಸಿ ಬಂದು, ನನ್ನ ಮುಖ ನೋಡದೆ ನೇರ ಪೀಠದ ಮುಂದೆ ಹೋಗಿ ಮೊಣಕಾಲೂರಿದಳು. ನಾನು ಒಳಗೆ ಹೋದೆ.

ಫಾದರ್ ಲಿನೊ ಅವರ ದನಿ ದಣಿದಿತ್ತು. ಅವಳು ಏನು ಹೇಳಿದಳೆಂಬುದನ್ನು ಅವರು ನನ್ನೆದುರು ಸೂಚಿಸುವಂತಿರಲಿಲ್ಲ, ಅದು ನಿಯಮ. ನಾನೇ ಶುರು ಮಾಡಿದೆ. "ಮೂರನೇ ಪ್ರಕಟಣೆದಾಗ ಆ ಸಾಲು ನಾನ ಬಿಟ್ಟಿದ್ದೆ ಫಾದರ್."

"ಯಾಕೆ ಬಿಟ್ಟೆ?"

"ಆ ಅಡ್ಡಿ ನಾನ ಫಾದರ್."

ಅವರು ಬೈಯಲಿಲ್ಲ, ನರಕದ ಮಾತಾಡಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ಮಗಳೇ, ದೇವರು ನಿನ್ನನ್ನು ಬಿಡುವುದಿಲ್ಲ. ಆದರೆ ಇದನ್ನು ನೀನು ಬಿಡಬೇಕು. ಧರ್ಮಸಭೆ ಇದನ್ನು ಪಾಪ ಎನ್ನುತ್ತದೆ, ನಾನು ಬೇರೆ ಹೇಳಲಿಕ್ಕೆ ಬರುವುದಿಲ್ಲ. ನಿನಗೆ ಪಶ್ಚಾತ್ತಾಪ ಇದೆಯಾ?" ಎಂದರು.

ಸಾವಿರಾರು ಸಲ ನಾನು ಆ ಪ್ರಶ್ನೆಗೆ ಹೌದು ಎಂದಿದ್ದೆ. ಚಾಡಿಗೆ, ಸುಳ್ಳಿಗೆ, ಕದ್ದ ಬೆಲ್ಲಕ್ಕೆ. ಈ ಸಲ ಅಳತೆಯ ಟೇಪು ಕೆಳಗೆ ಬಿದ್ದ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. "ಇಲ್ಲ ಫಾದರ್" ಎಂದೆ.

"ಪಶ್ಚಾತ್ತಾಪ ಇಲ್ಲದೆ ನಾನು ಕ್ಷಮೆ ಕೊಡುವಂತಿಲ್ಲ. ನನ್ನ ಕೈಯಲ್ಲಿಲ್ಲ ಅದು."

"ಹಂಗಾರ ಕೊಡಬ್ಯಾಡ್ರಿ" ಎಂದು ಎದ್ದು ಬಂದೆ. ಆ ಪ್ರಾಯದ ಸೊಕ್ಕು. ಹೊರಗೆ ನತಾಲಿ ಕಾಯುತ್ತಿದ್ದಾಳೆ, ನನ್ನ ಪಕ್ಷಕ್ಕೆ ಅವಳಿದ್ದಾಳೆ ಎಂಬ ಧೈರ್ಯ ನನಗೆ.

ಅವಳು ಚರ್ಚಿನ ಹಿಂದಿನ ಹಲಸಿನ ಮರಕ್ಕೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. "ಕ್ಷಮೆ ಸಿಕ್ತು" ಎಂದಳು. ಅಷ್ಟರಲ್ಲೇ ನನಗೆ ಎಲ್ಲ ತಿಳಿದುಹೋಯಿತು. ಬಿಡುತ್ತೇನೆ ಎಂದು ಮಾತು ಕೊಡದೆ ಕ್ಷಮೆ ಸಿಗುವುದಿಲ್ಲ.

"ಆಶೀರ್ವಾದ ಕೇಳಿದ್ಯಾ?"

"ಕೇಳಿದೆ. ಬ್ಯಾಡ ಅಂದ್ರು. ಎರಡೂ ಒಂದ ಕೈಯಾಗ ಹಿಡಿಯಾಕ ಬರೂದಿಲ್ಲ, ಒಂದ ಬಿಡಬೇಕು ಅಂದ್ರು. ಮದವಿ ಮಾಡ್ಕೋ, ಆಕಿನ್ನ ಮತ್ತ ನೋಡಬ್ಯಾಡ ಅಂದ್ರು."

"ನೀ ದೇವರನ್ನ ಕೇಳಿದ್ಯೋ, ಆ ಗೋವಾದ ಮನಶ್ಯಾನ್ನ ಕೇಳಿದ್ಯೋ?" ಎಂದು ಕಿರುಚಿದೆ.

"ದೇವರ ಮನಿಗೆ ನನಗ ಬ್ಯಾರೆ ಬಾಗಲಾ ಗೊತ್ತಿಲ್ಲ ಕ್ಲಾರಾ" ಎಂದಳು. ನನ್ನ ಕೈ ಹಿಡಿಯಲು ಮುಂದೆ ಬಂದವಳು ಅರ್ಧಕ್ಕೇ ನಿಂತು, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಗಲೇ ಮಾತು ಕೊಟ್ಟಾಗಿತ್ತು, ಮುಟ್ಟುವಂತಿರಲಿಲ್ಲ. ಆ ಸಂಜೆ ಮಾಯ್ ಬಂದು ಅವಳ ಚಾಪೆ ಸುತ್ತಿಕೊಂಡು ಹೋದಳು. "ಮದವಿ ಹುಡುಗಿ, ಇನ್ನ ಮನ್ಯಾಗ ಇರ್ಲಿ" ಎಂದಳು.

ಪಾಸ್ಕ ಹಬ್ಬದ ಬೆಳಗಿನ ಪೂಜೆಯಲ್ಲಿ ಅಲ್ಲೆಲೂಯ ಮರಳಿ ಬಂತು. ನತಾಲಿಯೇ ಎತ್ತಿಕೊಟ್ಟಳು, ದನಿ ಒಡೆಯಿತು, ಜನ ಸೇರಿಕೊಂಡು ಮುಗಿಸಿದರು. ಪರಮಪ್ರಸಾದಕ್ಕೆ ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಪಾಸ್ಕದ ದಿನ ಟೀಚರ್ ಕೂತಿದ್ದನ್ನು ಕಂಡು ಪೆದ್ರು ಮಾಸ್ತರರು ಹುಬ್ಬು ಗಂಟು ಹಾಕಿದರು. ನತಾಲಿ ಸ್ವೀಕರಿಸಿ ತಿರುಗಿದಾಗ ನನ್ನನ್ನು ನೋಡಿದಳು. ಖಾಲಿ ಬೆಂಚಿನಲ್ಲಿ ನಾನೊಬ್ಬಳೇ ಕೂತಿರುವುದನ್ನು ನೋಡಿದಳು. ನಾನು ಕ್ಷಮೆ ತೆಗೆದುಕೊಂಡಿಲ್ಲ ಎಂಬುದು ಆ ಕ್ಷಣ ಅವಳಿಗೆ ಗೊತ್ತಾಯಿತು. ಎರಡು ವರ್ಷ ಅವಳಿಗೆ ನಾಲಿಗೆ ಸುಡುತ್ತಿತ್ತು, ಅಂದು ಸುಡಲಿಲ್ಲವೆಂದು ಆಶಿಸುತ್ತೇನೆ. ನಿಜವಾಗಿ ಆಶಿಸುತ್ತೇನೆ. ಅಷ್ಟಾದರೂ ಅವಳಿಗೆ ಸಿಕ್ಕಿರಬೇಕು.

ಮರುದಿನ ಮದುವೆ. ನ್ಯಾಯವಾಗಿ ನಾನು ದಾಂಡೇಲಿಗೆ ಹೊರಟುಬಿಡಬೇಕಿತ್ತು, ಹೋಗಲಿಲ್ಲ. ಮಕ್ಕಳ ಸಾಲಿನಲ್ಲಿ ನಿಂತು ಅತ್ತೆ, ಮುಚ್ಚಿಡುವ ಯತ್ನವನ್ನೂ ಮಾಡಲಿಲ್ಲ. "ನೋಡ್ರಿ, ತಾಯಿಗಿಂತಾ ಜಾಸ್ತಿ ಟೀಚರ್ರ ಅಳಾಕತ್ತಾರ. ಎಂಥಾ ಪ್ರೀತಿ!" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಎದೆ ಒಡೆದುಕೊಂಡು ಎಲ್ಲರೆದುರು ಅಳುವ ಭಾಗ್ಯ ನನಗಿತ್ತು, ಅವಳಿಗೆ ಅದೂ ಇರಲಿಲ್ಲ. ಇನಾಸ್ ಬಂದು ಕೈ ಮುಗಿದ. "ನೀವು ಆಕಿಗೆ ಅಕ್ಕ ಇದ್ದಂಗ್ರಿ. ರಾಮನಗರಕ್ಕ ಬರಾಕ ಬೇಕು" ಎಂದ. ಪಾಪ, ಮನಸಾರೆ ಕರೆದ. ಲಾರಿಯ ಮುಂದೆ ಅವನ ಪಕ್ಕದಲ್ಲಿ ಅವಳನ್ನು ಕೂರಿಸಿದರು. ಕೌದಿ ಅವಳ ತೊಡೆಯ ಮೇಲಿತ್ತು. ಲಾರಿ ಹೊರಟಾಗ ಎಲ್ಲರಿಗೂ ಕೈ ಬೀಸಿದಳು, ನನ್ನ ಕಡೆ ನೋಡಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

ಜೂನ್‌ನಲ್ಲಿ ಒಬ್ಬಳೇ ಮುಂಡಗೋಡಕ್ಕೆ ಹೋದೆ. ಎರಡು ಕೋಣೆಯ ಮನೆ ಸಿಕ್ಕಿತು. ಒಂದು ಕೋಣೆಗೆ ದೊಡ್ಡ ಕಿಟಕಿಯಿತ್ತು, ಮಧ್ಯಾಹ್ನದವರೆಗೂ ಬೆಳಕು ಬೀಳುತ್ತಿತ್ತು. ಆ ಕೋಣೆಯನ್ನು ನಾನು ಬಳಸಲೇ ಇಲ್ಲ. ಅಲ್ಲಿಂದ ರಾಮನಗರ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅವಳು ಬರಲಿಲ್ಲ, ಕಾಗದ ಬರೆಯಲಿಲ್ಲ. ನಾನೂ ಹೋಗಲಿಲ್ಲ. ಅವಳಿಗೆ ಮೂವರು ಮಕ್ಕಳಾದದ್ದು, ಈಗ ಮೊಮ್ಮಕ್ಕಳಿರುವುದು ಅವರಿವರ ಬಾಯಲ್ಲಿ ಕೇಳಿ ಗೊತ್ತು. ಈಗಲೂ ಚರ್ಚಿನಲ್ಲಿ ಹಾಡುತ್ತಾಳಂತೆ.

ನಾನು ಚರ್ಚು ಬಿಟ್ಟೆ ಎಂದು ಓದುವವರು ಎಣಿಸಿರಬಹುದು. ಒಂದು ಭಾನುವಾರವನ್ನೂ ಬಿಟ್ಟಿಲ್ಲ. ಪೂಜೆಗೆ ಹೋಗುತ್ತೇನೆ, ಹಾಡುತ್ತೇನೆ, ಎಲ್ಲರೂ ಪರಮಪ್ರಸಾದಕ್ಕೆ ಎದ್ದಾಗ ಮೊಣಕಾಲು ಸರಿಸಿ ಅವರಿಗೆ ದಾರಿ ಬಿಡುತ್ತೇನೆ. ಎಷ್ಟೋ ಫಾದರ್‌ಗಳು ಬಂದು ಹೋದರು. ಎಲ್ಲರೂ ಪಶ್ಚಾತ್ತಾಪ ಇದೆಯಾ ಎಂಬ ಒಂದೇ ಪ್ರಶ್ನೆ ಕೇಳಿದರು, ಕೆಲವರು ಗಟ್ಟಿಯಾಗಿ, ಕೆಲವರು ಮೆತ್ತಗೆ. ಈಗಿನವರು ನನ್ನ ವಿದ್ಯಾರ್ಥಿಯಾಗಬಹುದಾದ ವಯಸ್ಸಿನವರು, ಬಹಳ ಒಳ್ಳೆಯವರು. ನನಗೆ ಹುಷಾರಿಲ್ಲದಾಗ ಮನೆಗೆ ಬಂದು ಹಾಸಿಗೆಯ ಪಕ್ಕ ಕೂತು, "ಟೀಚರ್, ವಯಸ್ಸಾತು. ತಪ್ಪಾತು ಅಂತ ಒಂದ ಮಾತ ಅನ್ರಿ, ಸಾಕು. ನಾ ಇಲ್ಲೇ ಕೊಟ್ಟು ಹೋಗ್ತೇನಿ" ಎಂದರು. ಪರಮಪ್ರಸಾದದ ಪುಟ್ಟ ಡಬ್ಬಿ ಅವರ ಅಂಗಿಯ ಜೇಬಿನಲ್ಲಿತ್ತು. ನನ್ನಿಂದ ಒಂದು ಮೊಳ ದೂರ.

ನನಗೆ ಅದರ ಹಸಿವಿದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಹಸಿವು ಕಮ್ಮಿಯಾಗಿಲ್ಲ. ಆದರೆ ಅವಳನ್ನು ಒಮ್ಮೆ ಧರ್ಮಸಭೆ ನನ್ನ ಕೈಯಿಂದ ತೆಗೆದುಕೊಂಡಿತು, ತಪ್ಪಾಯಿತು ಎಂದರೆ ನಾನೇ ಅವಳನ್ನು ಬಿಟ್ಟುಕೊಟ್ಟ ಹಾಗಾಗುತ್ತದೆ. ಇಲ್ಲ ಫಾದರ್ ಎಂದೆ. ಅವರು ನನ್ನ ಹಣೆಯ ಮೇಲೆ ಕೈಯಿಟ್ಟು, ಆ ಡಬ್ಬಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದರು.